ಮೀನಿನ ಮಿದುಳಲ್ಲಿ ಡೋಪಮೈನ್ ಅಳೆಯುವುದು: ತೊಟ್ಟಿಯಿಂದ ಬೆಳ್ಳಿ ತಂತಿಯವರೆಗೆ

ಡೋಪಮೈನ್ ಎಂದರೆ ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಿಡುವ ರಾಸಾಯನಿಕ. ತೆಳು ಕಾರ್ಬನ್ ಎಳೆಯನ್ನು ಮಿದುಳಿಗೆ ಇಳಿಸಿ ವೋಲ್ಟೇಜ್ ಕೊಟ್ಟರೆ ಡೋಪಮೈನಿನಿಂದ ಸಣ್ಣ ಕರೆಂಟು ಹರಿಯುತ್ತದೆ, ನಾವು ಅಳೆಯುವುದು ಅದನ್ನು. ಜೀಬ್ರಾ ಮೀನಿನ ಮಿದುಳಿನಲ್ಲಿ ಹೀಗೆ ಅಳೆಯುವಾಗ ರೀಡಿಂಗ್ ಕೆಟ್ಟರೆ ಎಲ್ಲರ ಕಣ್ಣೂ ಮೊದಲು ಆ ಕರೆಂಟನ್ನು ಹಿಗ್ಗಿಸುವ ಆಂಪ್ಲಿಫೈಯರ್ ಮೇಲೆ ಬೀಳುತ್ತದೆ. ತಪ್ಪು ಅಲ್ಲಿರುವುದು ಅಪರೂಪ. ಬೆಳ್ಳಿ ತಂತಿ, ಗಾಜು ಮತ್ತು ಕಾರ್ಬನ್ ಎಳೆಯ ನಡುವಿನ ಸಂದು, ಮೀನಿನ ತೊಟ್ಟಿ, ಈ ಮೂರನ್ನು ನೋಡಿದ ಮೇಲೆಯೇ ನಾವು ಯಂತ್ರ ಬಿಚ್ಚುತ್ತೇವೆ.

ತೊಟ್ಟಿಯಿಂದಲೇ ಶುರು ಮಾಡೋಣ. 1822ರಲ್ಲಿ ಹ್ಯಾಮಿಲ್ಟನ್ ವಿವರಿಸಿದ ಈ ಮೀನು ಹಳ್ಳ, ಭತ್ತದ ಗದ್ದೆಗಳಲ್ಲಿ ಬೆಳೆದದ್ದು. ನೀರು ಸ್ವಲ್ಪ ಕೆಟ್ಟರೂ ಸಾಯುವುದಿಲ್ಲ. ತೊಂದರೆ ಇರುವುದೂ ಅಲ್ಲೇ. ಮೀನು ಓಡಾಡಿಕೊಂಡಿರುತ್ತದೆ, ಆದರೆ ಒತ್ತಡದಲ್ಲಿರುತ್ತದೆ, ಅಂಥ ಮಿದುಳಿನ ಅಳತೆ ದಿನಕ್ಕೊಂದು ಬರುತ್ತದೆ. ಆರ್.ಒ. ನೀರಿಗೆ ಸಮುದ್ರದ ಉಪ್ಪಿನ ಪುಡಿ ಹಾಕಿ ವಾಹಕತೆಯನ್ನು ಸೆಂಟಿಮೀಟರಿಗೆ 500 ಮೈಕ್ರೋಸೀಮೆನ್ಸ್ ಆಸುಪಾಸಿಗೆ ತರುತ್ತೇವೆ. ಅಡುಗೆ ಸೋಡಾದಿಂದ ಪಿಎಚ್ 7.2ರಿಂದ 7.5ರೊಳಗೆ ನಿಲ್ಲಿಸುತ್ತೇವೆ. ಉಷ್ಣತೆ 28 ಡಿಗ್ರಿ, ಬೆಳಕು 14 ಗಂಟೆ, ಕತ್ತಲು 10 ಗಂಟೆ. ಪಿಎಚ್ ಬಗ್ಗೆ ಇಷ್ಟು ಹಟ ಯಾಕೆಂದರೆ, 28 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪ ಶೇ. 0.7 ಮಾತ್ರ, ಪಿಎಚ್ 8ಕ್ಕೆ ಏರಿದರೆ ಅದೇ ಶೇ. 6.5 ದಾಟುತ್ತದೆ. ಅಮೋನಿಯಾ ಪರೀಕ್ಷೆಯ ಕಿಟ್ಟಿನಲ್ಲಿ ಕಾಣುವ ಬಣ್ಣ ಮಾತ್ರ ಎರಡೂ ಸಲ ಒಂದೇ. ಹೊಸ ಫಿಲ್ಟರಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೂ ಮುಂಚೆ ತೊಟ್ಟಿ ತುಂಬಿಸಬೇಡಿ.

ಆಮ್ಲಜನಕದ ಮೀಟರ್ ಕೂಡ ಒಂದು ಎಲೆಕ್ಟ್ರೋಡೇ ಎಂಬುದನ್ನು ಮರೆಯುವವರು ಬಹಳ. ಕ್ಲಾರ್ಕ್ ಮಾದರಿಯದು ಪೊರೆಯ ಹಿಂದೆ ಆಮ್ಲಜನಕವನ್ನು ತಾನೇ ತಿನ್ನುತ್ತಾ ಅಳೆಯುತ್ತದೆ, ಆದ್ದರಿಂದ ನಿಂತ ನೀರಿನಲ್ಲಿ ರೀಡಿಂಗ್ ತನ್ನಷ್ಟಕ್ಕೆ ಇಳಿಯುತ್ತದೆ. ಮೀಟರಿನ ಕಡ್ಡಿಯನ್ನು ಆಡಿಸುತ್ತಲೇ ಓದಬೇಕು. ಇನ್ನೊಂದು, ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. 28 ಡಿಗ್ರಿಯ ನೀರು ಮಂಗಳೂರಿನಲ್ಲಿ ಲೀಟರಿಗೆ ಸುಮಾರು 7.8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಇಲ್ಲಿ ಹಿಡಿಯುವುದು 7ರಷ್ಟೇ. ಸಮುದ್ರಮಟ್ಟದ ಕೋಷ್ಟಕ ಇಟ್ಟುಕೊಂಡು ಕ್ಯಾಲಿಬ್ರೇಟ್ ಮಾಡಿದರೆ ಪ್ರತಿ ರೀಡಿಂಗೂ ಶೇ. 10ರಷ್ಟು ಹೆಚ್ಚು ತೋರಿಸುತ್ತದೆ.

ಈಗ ಎಲೆಕ್ಟ್ರೋಡ್. 7 ಮೈಕ್ರಾನ್ ದಪ್ಪದ ಒಂದೇ ಒಂದು ಕಾರ್ಬನ್ ಎಳೆಯನ್ನು ಬಿಳಿ ಹಾಳೆಯ ಮೇಲೆ ಬಿಡಿಸಿ, ಹೊರವ್ಯಾಸ 1.2 ಮಿಲಿಮೀಟರ್ ಇರುವ ಬೋರೋಸಿಲಿಕೇಟ್ ಕೊಳವೆಯೊಳಕ್ಕೆ ನಿರ್ವಾತ ಪಂಪಿನಿಂದ ಎಳೆದುಕೊಳ್ಳುತ್ತೇವೆ. ಫ್ಯಾನ್ ಆರಿಸಿ, ಎಳೆ ಹಾರಿಹೋದರೆ ಕಣ್ಣಿಗೂ ಬೀಳುವುದಿಲ್ಲ. ಪುಲ್ಲರ್‌ನಲ್ಲಿ ಕಾಯಿಸಿ ಎಳೆದರೆ ಗಾಜು ಎಳೆಯ ಮೇಲೆ ಕುಸಿದು ಅಂಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದ ಕೆಳಗೆ, ಗಾಜಿನಿಂದ ಹೊರಗೆ 50ರಿಂದ 100 ಮೈಕ್ರಾನ್ ಉಳಿಯುವಂತೆ ಸ್ಕಾಲ್‌ಪೆಲ್ ಅಂಚಿನಿಂದ ಕತ್ತರಿಸುತ್ತೇವೆ. ತುದಿಯನ್ನು ಬಿಸಿ ಎಪಾಕ್ಸಿಯಲ್ಲಿ ಅರ್ಧ ನಿಮಿಷದೊಳಗೆ ಅದ್ದಿ ತೆಗೆದು, ಎಳೆಗೆ ಮೆತ್ತಿದ್ದನ್ನು ಅಸಿಟೋನಿನಲ್ಲಿ ತಕ್ಷಣ ತೊಳೆದು, ಒಲೆಯಲ್ಲಿ 100 ಡಿಗ್ರಿಯಲ್ಲಿ ರಾತ್ರಿಯಿಡೀ, ಆಮೇಲೆ 150 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಗಟ್ಟಿ ಮಾಡುತ್ತೇವೆ. ಸಂದು ಬಿಟ್ಟಿದ್ದರೆ ದ್ರಾವಣ ಒಳಗೆ ಏರುತ್ತದೆ. ಹಿನ್ನೆಲೆ ಕರೆಂಟು, ಅಂದರೆ ಡೋಪಮೈನ್ ಇಲ್ಲದಾಗಲೂ ಹರಿಯುವುದು, ನಿಲ್ಲದೆ ತೆವಳುತ್ತದೆ, ಶಬ್ದ (ಸಂಕೇತದಲ್ಲಿ ಬೆರೆಯುವ ಬೇಡದ ಏರಿಳಿತ) ಹೆಚ್ಚುತ್ತದೆ. ಅಂಥದ್ದನ್ನು ರಿಪೇರಿ ಮಾಡಲು ಕೂರಬೇಡಿ, ಎಸೆಯಿರಿ. ಹತ್ತು ಮಾಡಿದರೆ ನಾಲ್ಕೈದು ಉಳಿದರೂ ಬೇಜಾರಿಲ್ಲ.

ಕಾರ್ಬನ್ ಎಳೆಯ ವೋಲ್ಟೇಜನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತೇವೋ ಆ ರೆಫರೆನ್ಸ್ ಎಲೆಕ್ಟ್ರೋಡ್ ನೋಡಲು ಬಹಳ ಸರಳ, ಅದಕ್ಕೇ ಅದನ್ನು ಯಾರೂ ಸಂಶಯದಿಂದ ನೋಡುವುದಿಲ್ಲ. ಕಾಲು ಮಿಲಿಮೀಟರ್ ಬೆಳ್ಳಿ ತಂತಿಯನ್ನು ನಯವಾದ ಮರಳು ಕಾಗದದಿಂದ ಉಜ್ಜಿ, ಬ್ಲೀಚ್ ದ್ರಾವಣದಲ್ಲಿ ಅರ್ಧ ಗಂಟೆ ಬಿಟ್ಟರೆ ನೇರಳೆ ಛಾಯೆಯ ಬೂದು ಪದರ, ಅಂದರೆ ಸಿಲ್ವರ್ ಕ್ಲೋರೈಡ್, ಕೂರುತ್ತದೆ. ಇದರ ವಿಭವ ಸುತ್ತಲಿನ ಕ್ಲೋರೈಡನ್ನು ಅವಲಂಬಿಸಿದೆ: ಕ್ಲೋರೈಡ್ ಹತ್ತು ಪಟ್ಟು ಬದಲಾದರೆ ವಿಭವ ಸುಮಾರು 59 ಮಿಲಿವೋಲ್ಟ್ ಜರುಗುತ್ತದೆ. ಮಿದುಳಿಗೆ ಹರಿಸುವ ದ್ರಾವಣದಲ್ಲಿ ಕ್ಲೋರೈಡ್ 140 ಮಿಲಿಮೋಲಾರ್ ಸುಮಾರು. ತೊಟ್ಟಿಯ ನೀರಿನಲ್ಲಿ ನಾಲ್ಕು. ಬದುಕಿರುವ ಮೀನಿನ ಕಿವಿರಿಗೆ ತೊಟ್ಟಿಯ ನೀರು ಹರಿಸುತ್ತಾ ಅದರಲ್ಲೇ ರೆಫರೆನ್ಸ್ ಇಳಿಬಿಟ್ಟರೆ ವೋಲ್ಟೇಜ್-ಕರೆಂಟಿನ ನಕ್ಷೆಯಲ್ಲಿ ಡೋಪಮೈನಿನ ಶಿಖರ ಸುಮಾರು 90 ಮಿಲಿವೋಲ್ಟ್ ಎಡಕ್ಕೆ ಸರಿಯುತ್ತದೆ. ಹೊಸ ಅಣು ಸಿಕ್ಕಿತೆಂದು ಹಿಗ್ಗುವ ಮುಂಚೆ ತಂತಿ ಯಾವ ನೀರಿನಲ್ಲಿದೆ ನೋಡಿ. ಇನ್ನೂ ಒಂದು ಕಾರಣವಿದೆ: ಬೆಳ್ಳಿಯ ಅಯಾನು ಸಿಹಿನೀರಿನ ಮೀನಿನ ಕಿವಿರಿಗೆ ವಿಷ, ಸೋಡಿಯಂ ಹೀರುವುದನ್ನೇ ಅದು ತಡೆಯುತ್ತದೆ. ಕ್ಲೋರೈಡ್ ಕಡಿಮೆಯಿರುವ ನೀರಿನಲ್ಲಿ ತಂತಿಯ ಮೇಲಿನ ಪದರ ಹೆಚ್ಚು ಕರಗುತ್ತದೆ ಬೇರೆ. ಹಾಗಾಗಿ ತಂತಿ ಮತ್ತು ಮೀನಿನ ನಡುವೆ ಉಪ್ಪುನೀರಿನಲ್ಲಿ ಕುದಿಸಿದ ಅಗರ್ ತುಂಬಿದ ಕೊಳವೆಯನ್ನು ಸೇತುವೆಯಾಗಿ ಇಡುತ್ತೇವೆ.

ಇಡೀ ಮಿದುಳನ್ನು ಹೊರತೆಗೆದು ಅಳೆಯುವುದು ನಮಗೆ ಹೆಚ್ಚು ಒಗ್ಗಿದ ದಾರಿ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿಯಲ್ಲಿ ಬರೆದ ವಿಧಾನವನ್ನೇ ಪಾಲಿಸಬೇಕು. ಅರ್ಜಿ ಬರೆಯುವಾಗಲೇ ಯೋಚಿಸಬೇಕಾದದ್ದು ಟ್ರೈಕೇನ್ ವಿಷಯ: ಅದು ಮೀನಿನ ಅರಿವಳಿಕೆ, ನರಕೋಶದ ಸೋಡಿಯಂ ಚಾನಲ್ ಮುಚ್ಚುವ ಔಷಧ, ಮಿದುಳಿನಲ್ಲಿ ಉಳಿದರೆ ವಿದ್ಯುತ್ ಪ್ರಚೋದನೆಗೆ ಡೋಪಮೈನ್ ಬಿಡುಗಡೆಯಾಗದು. ಅದರ ಬದಲು ನಾವು 2ರಿಂದ 4 ಡಿಗ್ರಿಯ ತಣ್ಣೀರಿನ ವಿಧಾನಕ್ಕೆ ಅನುಮತಿ ಪಡೆಯುತ್ತೇವೆ. ಮಿದುಳಿಗೆ ಹರಿಸುವ ದ್ರಾವಣಕ್ಕೆ ಲೀಟರಿಗೆ ಸೋಡಿಯಂ ಕ್ಲೋರೈಡ್ 131, ಪೊಟ್ಯಾಸಿಯಂ ಕ್ಲೋರೈಡ್ 2, ಪೊಟ್ಯಾಸಿಯಂ ಫಾಸ್ಫೇಟ್ 1.25, ಬೈಕಾರ್ಬೊನೇಟ್ 20, ಮೆಗ್ನೀಸಿಯಂ ಕ್ಲೋರೈಡ್ 2, ಗ್ಲೂಕೋಸ್ 10, ಕ್ಯಾಲ್ಸಿಯಂ ಕ್ಲೋರೈಡ್ 2.5 ಮಿಲಿಮೋಲ್. ಶೇ. 95 ಆಮ್ಲಜನಕ, ಶೇ. 5 ಇಂಗಾಲದ ಡೈಆಕ್ಸೈಡ್ ಇರುವ ಗ್ಯಾಸನ್ನು ಕಾಲು ಗಂಟೆ ಗುಳ್ಳೆಯಾಡಿಸಿ ಪಿಎಚ್ 7.4ಕ್ಕೆ ಇಳಿದ ಮೇಲೆಯೇ ಕ್ಯಾಲ್ಸಿಯಂ ಹಾಕಬೇಕು. ಅವಸರ ಮಾಡಿದರೆ ದ್ರಾವಣ ಹಾಲಿನಂತೆ ಕದಡುತ್ತದೆ. ಕ್ಯಾಲ್ಸಿಯಂ ಕೆಳಗೆ ಕೂತ ಮೇಲೆ ನರತುದಿಗಳು ಏನನ್ನೂ ಬಿಡುವುದಿಲ್ಲ.

ಅಳೆಯುವಾಗ ಕಾರ್ಬನ್ ಎಳೆಯ ವೋಲ್ಟೇಜು ಮೈನಸ್ 0.4ರಿಂದ ಪ್ಲಸ್ 1.3ಕ್ಕೆ ಏರಿ ಮತ್ತೆ ಇಳಿಯುತ್ತದೆ, ಸೆಕೆಂಡಿಗೆ 400 ವೋಲ್ಟ್ ವೇಗದಲ್ಲಿ, ಸೆಕೆಂಡಿಗೆ 10 ಸಲ. ಒಂದು ಸುತ್ತಿಗೆ, ಅಂದರೆ ಒಂದು ಸ್ಕ್ಯಾನಿಗೆ, 8.5 ಮಿಲಿಸೆಕೆಂಡ್. ಉಳಿದ 91.5 ಮಿಲಿಸೆಕೆಂಡ್ ವ್ಯರ್ಥವಲ್ಲ: ಧನ ವಿದ್ಯುದಂಶದ ಡೋಪಮೈನ್ ಋಣ ವೋಲ್ಟೇಜಿನ ಕಾರ್ಬನ್ನಿಗೆ ಬಂದು ಅಂಟುವುದು ಆಗಲೇ. ಪ್ರಚೋದನೆಯ ಪಲ್ಸುಗಳನ್ನೂ ಈ ಬಿಡುವಿನಲ್ಲೇ ಕೊಡಬೇಕು. ಎಲೆಕ್ಟ್ರೋಡನ್ನು ಮೊದಲು 60 ಹರ್ಟ್ಸ್‌ನಲ್ಲಿ 15 ನಿಮಿಷ, ಆಮೇಲೆ 10 ಹರ್ಟ್ಸ್‌ನಲ್ಲಿ 10 ನಿಮಿಷ ಓಡಿಸಿ ಹದಕ್ಕೆ ತರಬೇಕು. ಹಿನ್ನೆಲೆ ಕರೆಂಟು ನೂರಾರು ನ್ಯಾನೋಆಂಪಿಯರ್, ಡೋಪಮೈನಿನದು ಕೆಲವೇ. ಒಂದನ್ನು ಇನ್ನೊಂದರಿಂದ ಕಳೆದು ನೋಡುವುದರಿಂದ ಒಂದೂವರೆ ನಿಮಿಷದೊಳಗಿನ ಏರಿಳಿತ ಮಾತ್ರ ನಂಬಬಹುದು.

ಶಬ್ದದ ವಿಷಯದಲ್ಲಿ, ನಮ್ಮ ಕರೆಂಟು 50 ಹರ್ಟ್ಸ್, ಸ್ಕ್ಯಾನು 10. ಸರಿಯಾಗಿ ಭಾಗವಾಗುವುದರಿಂದ ಮೇನ್ಸಿನ ಶಬ್ದ ಪ್ರತಿ ಸ್ಕ್ಯಾನಿನಲ್ಲೂ ಒಂದೇ ಜಾಗಕ್ಕೆ ಬಿದ್ದು ಕಳೆದುಹೋಗುತ್ತದೆ. ಗ್ರಿಡ್ 49.9ಕ್ಕೆ ಜಾರಿದ ದಿನ ಅದೇ ಶಬ್ದ ಹತ್ತು ಸೆಕೆಂಡಿಗೊಮ್ಮೆ ಉಬ್ಬಿಳಿಯುವ ಅಲೆಯಾಗಿ ಬರುತ್ತದೆ, ನೋಡಲು ಥೇಟು ಜೀವಂತ ಸಂಕೇತ. ತೊಟ್ಟಿಯ ಹೀಟರ್, ಗಾಳಿ ಪಂಪು ಆ ಕೋಣೆಯಲ್ಲೇ ಬೇಡ.

ಡೋಪಮೈನಿನ ಗುರುತು 0.6 ವೋಲ್ಟ್ ಹತ್ತಿರ ಒಂದು ಶಿಖರ, ಹಿಂತಿರುಗುವಾಗ ಮೈನಸ್ 0.2ರಲ್ಲಿ ಇನ್ನೊಂದು. ಮಿದುಳಿನ ಇನ್ನೊಂದು ಸಂದೇಶವಾಹಕವಾದ ನಾರ್‌ಅಡ್ರಿನಲಿನ್ ಕೂಡ ಹೆಚ್ಚುಕಡಿಮೆ ಇದೇ ಆಕಾರ ಕೊಡುತ್ತದೆ, ಆಕಾರ ಒಂದರಿಂದಲೇ ತೀರ್ಮಾನಿಸಲಾಗದು. ಎರಡರಲ್ಲಿ ಒಂದರ ಮೇಲಷ್ಟೇ ಕೆಲಸ ಮಾಡುವ ಔಷಧ ಹಾಕಿ ನೋಡಬೇಕು. ಪಿಎಚ್ ಬದಲಾದರೆ ಅಗಲವಾದ ಉಬ್ಬುಗಳು ಬರುತ್ತವೆ, ಅವು ಪ್ರಚೋದನೆ ಮುಗಿದ ಮೇಲೂ ಬಹಳ ಹೊತ್ತು ಉಳಿಯುತ್ತವೆ.

ಗೊತ್ತಿರುವ ಪ್ರಮಾಣದ ಡೋಪಮೈನ್ ಕೊಟ್ಟು ಮಾಡುವ ಕ್ಯಾಲಿಬ್ರೇಶನ್ನನ್ನು ಪ್ರಯೋಗ ಮುಗಿದ ಮೇಲೆ, ಅದೇ ಎಲೆಕ್ಟ್ರೋಡಿನಲ್ಲಿ ಮಾಡುತ್ತೇವೆ. ಮಿದುಳಿನ ಪ್ರೋಟೀನ್ ಮೆತ್ತಿಕೊಂಡು ಅದರ ಸೂಕ್ಷ್ಮತೆ ಕುಗ್ಗಿರುತ್ತದೆ. ಹೊಸ ಎಲೆಕ್ಟ್ರೋಡಿನ ಅಂಕಿಯಿಂದ ಭಾಗಿಸಿದರೆ ಡೋಪಮೈನ್ ಇರುವುದಕ್ಕಿಂತ ಕಡಿಮೆ ಬರುತ್ತದೆ. ಡೋಪಮೈನಿನ ಮೂಲ ದ್ರಾವಣವನ್ನು 0.1 ಮೋಲಾರ್ ಪರ್‌ಕ್ಲೋರಿಕ್ ಆಮ್ಲದಲ್ಲಿಟ್ಟು, ಬಫರಿಗೆ ಬೆರೆಸುವುದನ್ನು ಅಳೆಯುವ ಹೊತ್ತಿಗೇ ಮಾಡಬೇಕು. ಬೆರೆಸಿಟ್ಟದ್ದು ನಸುಗೆಂಪಿಗೆ ತಿರುಗಿದ್ದರೆ ಚೆಲ್ಲಿ, ಹೊಸದು ಮಾಡಿಕೊಳ್ಳಿ.