ಬೇಸಿಗೆಯಲ್ಲಿ ಮೋಟರ್‌ಹೋಮ್ ತಂಪಾಗಿರಬೇಕೇ? ಮೊದಲು ಚಾವಣಿ ನೋಡಿ

ಮಲೆನಾಡು ಅಂದ ಕೂಡಲೇ ತಂಪು ಅಂದುಕೊಂಡು ಏಪ್ರಿಲ್‌ನಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ತಗೊಂಡು ಬರುವವರು ಜಾಸ್ತಿ. ಆದರೆ ಶಿವಮೊಗ್ಗ ಇರುವುದು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿ ಅಷ್ಟೆ. ಮಾರ್ಚ್ ಕೊನೆಯ ಹೊತ್ತಿಗೆ ಮಧ್ಯಾಹ್ನ 36-37 ಡಿಗ್ರಿ ಮಾಮೂಲು, ತಗಡಿನ ಗಾಡಿ ಬಿಸಿಲಲ್ಲಿ ನಿಂತರೆ ಒಳಗೆ ಇನ್ನೂ ಹೆಚ್ಚು. ಎಲ್ಲರೂ ಮೊದಲು ಕೇಳುವುದು ಎಸಿ ಬಗ್ಗೆ. ನಾನು ಹೇಳುವ ಕ್ರಮ ಬೇರೆ: ಮೊದಲು ಚಾವಣಿ, ಆಮೇಲೆ ಗಾಳಿ, ಎಸಿ ಕಟ್ಟಕಡೆಗೆ.

ಚಾವಣಿಯೇ ಯಾಕೆ? ಏಪ್ರಿಲ್ ಕೊನೆಯ ವಾರ ಇಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಆ ಬಿಸಿಲನ್ನೆಲ್ಲ ಕುಡಿಯುವುದು ಗಾಡಿಯ ತಲೆ. ಕಿಟಕಿಗೆ ಎಷ್ಟು ಪರದೆ ಕಟ್ಟಿದರೂ ಮೇಲಿನ ತಗಡು ಕಾದರೆ ರಾತ್ರಿ ಊಟದ ಹೊತ್ತಿನವರೆಗೂ ಕಾವು ಇಳಿಯುತ್ತಲೇ ಇರುತ್ತದೆ. ಚಾವಣಿಗೆ ಬಿಳಿ ಬಣ್ಣ ಹೊಡೆಸಿ. ಒಳಗಡೆ ಒಂದಿಂಚು ದಪ್ಪದ ಫೋಮ್ ಶೀಟ್ ಹಾಕಿಸಿ. ಗಾಡಿ ಎರಡು ಮೂರು ದಿನ ಒಂದೇ ಕಡೆ ನಿಲ್ಲುವುದಾದರೆ, ಅಡಿಕೆ ಸಸಿಗಳಿಗೆ ಕಟ್ಟುವ ಹಸಿರು ಶೇಡ್ ನೆಟ್ ಇರುತ್ತದಲ್ವಾ, 75 ಪರ್ಸೆಂಟ್ ಬಿಸಿಲು ತಡೆಯುವಂಥದ್ದು, ಅದನ್ನು ಮರಕ್ಕೂ ಬಿದಿರು ಗಳಕ್ಕೂ ಹಗ್ಗ ಎಳೆದು ಚಾವಣಿಯಿಂದ ಒಂದಡಿ ಮೇಲೆ ಕಟ್ಟಿ. ಸುಮ್ನೆ ತಗಡಿನ ಮೇಲೆ ಹೊದಿಸಿದರೆ ಅರ್ಧ ಪ್ರಯೋಜನವೂ ಇಲ್ಲ. ನಡುವೆ ಗಾಳಿ ಓಡಾಡಬೇಕು, ನಮ್ಮ ಅಂಗಳದ ಚಪ್ಪರದ ಹಾಗೆ. ಸೋಲಾರ್ ಪ್ಯಾನೆಲನ್ನೂ ಮೂರು ನಾಲ್ಕು ಇಂಚು ಎತ್ತರಿಸಿ ಕೂರಿಸಿದರೆ ಅದೂ ಒಂದು ನೆರಳೇ. ಸಂಜೆ ಮೋಡ ಕಟ್ಟಿದರೆ ನೆಟ್ ಬಿಚ್ಚಿಡಿ, ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ಅದು ನಿಲ್ಲುವುದಿಲ್ಲ.

ನಿಲ್ಲಿಸುವ ಜಾಗ. ಮರದ ಪಶ್ಚಿಮಕ್ಕಲ್ಲ, ಪೂರ್ವಕ್ಕೆ ನಿಲ್ಲಿಸಿ. ಮೂರು ಗಂಟೆಯ ಕೆಟ್ಟ ಬಿಸಿಲಿನಲ್ಲಿ ನೆರಳು ಬೀಳುವುದು ಆ ಕಡೆಗೇ. ಗಾಡಿಯ ಮೂತಿ ಪೂರ್ವಕ್ಕಿರಲಿ. ಮುಂದಿನ ದೊಡ್ಡ ಗಾಜಿಗೆ ಬೆಳಗಿನ ಎಳೆಬಿಸಿಲು ಮಾತ್ರ ಬೀಳುತ್ತದೆ, ಎಡಗಡೆಯ ಬಾಗಿಲು ಉತ್ತರಕ್ಕೆ ಬರುತ್ತದೆ, ಮಾರ್ಚ್-ಏಪ್ರಿಲ್‌ನಲ್ಲಿ ಅದೇ ನೆರಳಿನ ಮಗ್ಗುಲು. ಮುಂದಿನ ಗಾಜಿಗೆ ಹೊಳೆಯುವ ಶೀಟನ್ನು ಹೊರಗಿನಿಂದ ಹಾಕಿ, ಒಳಗಿನಿಂದ ಹಾಕಿದರೆ ಕಾವು ಆಗಲೇ ಒಳಗೆ ಬಂದಿರುತ್ತದೆ. ತೆಂಗು, ಹಲಸಿನ ಮರದಡಿ ಮಾತ್ರ ಬೇಡ.

ಇನ್ನು ಗಾಳಿ. ಬಿಸಿ ಗಾಳಿ ಮೇಲಕ್ಕೇರುತ್ತದೆ, ಹಾಗಾಗಿ ಚಾವಣಿಯ ಫ್ಯಾನ್ ಹೊರಗೆ ಎಳೆಯುವ ಹಾಗೆ ತಿರುಗಲಿ. ಒಳಗೆ ಬರುವ ಗಾಳಿಗೆ ನೆರಳಿನ ಕಡೆಯ, ಫ್ಯಾನಿನಿಂದ ದೂರದ, ಆದಷ್ಟು ಕೆಳಗಿನ ಒಂದು ಕಿಟಕಿ ಸಾಕು. ಎಲ್ಲ ಕಿಟಕಿ ತೆರೆದರೆ ಜಾಸ್ತಿ ಗಾಳಿ ಬರುತ್ತದೆ ಅನ್ನುವುದು ತಪ್ಪು. ಫ್ಯಾನ್ ತನ್ನ ಪಕ್ಕದ ಕಿಟಕಿಯಿಂದಲೇ ಎಳೆದುಕೊಳ್ಳುತ್ತದೆ, ನೀವು ಮಲಗಿದ ಕಡೆ ಗಾಳಿ ಅಲ್ಲಾಡುವುದೇ ಇಲ್ಲ. ಒಂದು ಊದುಬತ್ತಿ ಹಚ್ಚಿ ಹಾಸಿಗೆಯ ಹತ್ತಿರ ಹಿಡಿದು ನೋಡಿ. ಹೊಗೆ ನೆಟ್ಟಗೆ ಮೇಲೆ ಹೋದರೆ ಅಲ್ಲಿ ಗಾಳಿ ಸತ್ತಿದೆ ಅಂತ ಅರ್ಥ. ಫ್ಯಾನಿನ ಕಡೆ ವಾಲಿಕೊಂಡು ಹರಿದರೆ ಸರಿ. ಒಂದೊಂದೇ ಕಿಟಕಿ ಮುಚ್ಚುತ್ತಾ ಹೋಗಿ, ಹೊಗೆ ಎಲ್ಲಿ ವಾಲುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ನೀರಿನ ಕೂಲರ್ ಎಲ್ಲ ಕಡೆ ನಡೆಯುವುದಿಲ್ಲ. ಶಿಕಾರಿಪುರದ ಕಡೆಯ ಒಣ ಬಿಸಿಲಿಗೆ ಸರಿ. ತೀರ್ಥಹಳ್ಳಿ, ಆಗುಂಬೆ ಕಡೆ ಗಾಳಿಯಲ್ಲೇ ತೇವ ಇರುವಾಗ ಕೂಲರ್ ಹಾಕಿದರೆ ಮೈ ಅಂಟಂಟು. ಅಲ್ಲಿ ತೇವ ಹೊರಗೆ ಹಾಕುವುದೇ ಕೆಲಸ: ಅಡುಗೆ ಹೊರಗೆ ಮಾಡಿ, ಒದ್ದೆ ಬಟ್ಟೆ ಒಳಗೆ ಹರವಬೇಡಿ.

ಎಸಿ ಲೆಕ್ಕ ಹೀಗಿದೆ. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ ಅಂದರೆ 1200 ವ್ಯಾಟ್-ಅವರ್. 30 ವ್ಯಾಟ್‌ನ ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿದರೆ 240 ಖರ್ಚು. 1000 ವ್ಯಾಟ್‌ನ ಎಸಿಗೆ ಒಂದು ಗಂಟೆಯಲ್ಲೇ ಬ್ಯಾಟರಿ ಮುಗಿಯುತ್ತದೆ. ಎಸಿಗೋಸ್ಕರ ಎಂಜಿನ್ ಚಾಲೂ ಇಟ್ಟು ಮಲಗಬೇಡಿ, ಹೊಗೆ ಒಳಗೆ ಬಂದರೆ ಜೀವಕ್ಕೇ ಅಪಾಯ. ಅಷ್ಟೂ ಸೆಕೆ ತಡೆಯದಿದ್ದರೆ ಕೆಮ್ಮಣ್ಣುಗುಂಡಿಯ ಕಡೆ ಹೋಗಿ. 1400 ಮೀಟರ್ ಎತ್ತರ, ಶಿವಮೊಗ್ಗಕ್ಕಿಂತ ಐದು ಡಿಗ್ರಿಯಾದರೂ ಕಡಿಮೆ ಇರುತ್ತದೆ.

ಸೊಳ್ಳೆ ಬರುತ್ತದೆ ಅಂತ ನೆಲದ ಹತ್ತಿರದ ಗಾಳಿಕಿಂಡಿಯನ್ನು ಬಟ್ಟೆ ತುರುಕಿ ಮುಚ್ಚಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಅದು ಹೊರಗೆ ಹೋಗುವುದು ಆ ಕಿಂಡಿಯಿಂದಲೇ. ಸಣ್ಣ ಕಣ್ಣಿನ ಜಾಲರಿ ಹಾಕಿ. ಮಕ್ಕಳನ್ನಾಗಲಿ ನಾಯಿಯನ್ನಾಗಲಿ ಗಾಡಿಯಲ್ಲಿ ಬಿಟ್ಟು ಐದು ನಿಮಿಷಕ್ಕೂ ಇಳಿದು ಹೋಗಬೇಡಿ.

ಕಾಡಿನ ಅಂಚಿನಲ್ಲಿ ನೆರಳು ಚೆನ್ನಾಗಿದೆ ಅಂತ ಉದುರಿದ ಒಣ ಎಲೆಯ ದರಗಿನ ಮೇಲೆ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ಚಾಪೆ ಹಾಸಿ ಮಲಗುವವರಿಗೆ ಇನ್ನೊಂದು ಮಾತು. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ರಕ್ತ ಹೀರುವ ಉಣುಗಿನಿಂದ (ಉಣ್ಣೆ), ಅದರ ಕಾಟ ಬೇಸಿಗೆಯಲ್ಲೇ ಜಾಸ್ತಿ. ಗುಡಿಸಿದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಬಾಗಿಲಿಗೂ ಜಾಲರಿ ಇರಲಿ, ಮಲಗುವ ಮುಂಚೆ ಮೈ, ಬಟ್ಟೆ ಒಮ್ಮೆ ನೋಡಿಕೊಳ್ಳಿ. ಹತ್ತಿರದಲ್ಲಿ ಮಂಗ ಸತ್ತಿದೆ ಅಂತ ಊರವರು ಹೇಳಿದರೆ ಆ ಜಾಗ ಬಿಟ್ಟು ಹೊರಡಿ.