ಕುದುರೆ ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ

ಎರಡು ಕುದುರೆ ಹತ್ತಿಸಿಕೊಂಡು ಹೆದ್ದಾರಿ 44ರಲ್ಲಿ ಬೆಂಗಳೂರಿನಿಂದ ನಾಗ್ಪುರಕ್ಕೆ ಹೊರಟಿದ್ದೆ. ಕರ್ನೂಲು ದಾಟಿದ ಮೇಲೆ ಲಾರಿ ಕೆಟ್ಟಿತು. ಮೇ ತಿಂಗಳ ಮಧ್ಯಾಹ್ನ.

ಇಂಥ ಹೊತ್ತಲ್ಲಿ ಕುದುರೆಯನ್ನು ಹೆದ್ದಾರಿ ಬದಿಯಲ್ಲಿ ಇಳಿಸಲೇಬೇಡಿ. ಒಂದು ಹಾರ್ನ್‌ಗೆ ಬೆದರಿ ಓಡಿದರೆ ಮುಗಿಯಿತು. ಗಾಳಿ ಆಡುವಂತೆ ಎಲ್ಲ ತೆರೆಯಿರಿ, ಮೈಗೆ ನೀರು ಸುರಿಯಿರಿ. ಹಗ್ಗ ಸಡಿಲ ಮಾಡಿ. ತಲೆ ತಗ್ಗಿಸಿ ಕೆಮ್ಮಲು ಆಗಬೇಕು. ಗಂಟೆಗಟ್ಟಲೆ ತಲೆ ಎತ್ತಿ ಕಟ್ಟಿದರೆ ದೂಳು, ಕಫ ಶ್ವಾಸಕೋಶದಲ್ಲೇ ಉಳಿದು ಜ್ವರ ಬರಬಹುದು.

ನನ್ನ ಹೆಣ್ಣು ಕುದುರೆ ರಾಣಿ ಬೇರೆ ಊರಿನ ನೀರು ಮುಟ್ಟಲಿಲ್ಲ. ಚೂರು ಬೆಲ್ಲ ಕರಗಿಸಿ ಕೊಟ್ಟೆ, ಕುಡಿದಳು. ಹೊರಡುವ ವಾರ ಮೊದಲೇ ಆ ರುಚಿ ರೂಢಿ ಮಾಡಿಸಿದ್ದೆ, ಅದಕ್ಕೇ.

ಜಾಸ್ತಿ ಹೆದರಬೇಕಾದ್ದು ಹೊಟ್ಟೆನೋವಿಗೆ. ಕುದುರೆ ಕಾಲಿನಿಂದ ನೆಲ ಕೆರೆಯುತ್ತದೆ, ತಿರುಗಿ ತಿರುಗಿ ಪಕ್ಕೆ ನೋಡುತ್ತದೆ, ಲದ್ದಿ ಹಾಕುವುದಿಲ್ಲ. ಆಗ ಮೇವು ತೆಗೆದುಬಿಡಿ, ಪಶುವೈದ್ಯರಿಗೆ ಫೋನ್ ಮಾಡಿ. ದವಡೆಯ ಕೆಳಗೆ ನಾಡಿ ಎಣಿಸಿ ಹೇಳಿ. ನಿಮಿಷಕ್ಕೆ 28ರಿಂದ 44 ಇದ್ದರೆ ಸರಿ. 60 ದಾಟಿದರೆ ಒಂದು ಕ್ಷಣವೂ ಕಾಯಬೇಡಿ. ನೀವಾಗಿಯೇ ನೋವಿನ ಇಂಜೆಕ್ಷನ್ ಚುಚ್ಚಬೇಡಿ, ನಿಜವಾದ ಕಾಯಿಲೆ ಮುಚ್ಚಿಹೋಗುತ್ತದೆ.

ದಾರಿಯುದ್ದಕ್ಕೂ ಇರುವ ಪಶುವೈದ್ಯರ ನಂಬರ್ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.