ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ ಇಪ್ಪತ್ತೇ ನಿಮಿಷವಾ? ಟಿಕೆಟ್ ಓದುವುದು ಹೀಗೆ

ಮ್ಯಾಡ್ರಿಡ್ ಬಿಡುವುದು 10:00ಕ್ಕೆ, ಲಿಸ್ಬನ್ ತಲುಪುವುದು 10:20ಕ್ಕೆ ಅಂತ ವಿಮಾನದ ಟಿಕೆಟ್‌ನಲ್ಲಿ ಕಂಡರೆ ಗಾಬರಿ ಬೇಡ, ಅದು ತಪ್ಪಲ್ಲ. ಎರಡೂ ಕಡೆ ಆಯಾ ಊರಿನ ಸಮಯವನ್ನೇ ಹಾಕಿರುತ್ತಾರೆ, ಪೋರ್ಚುಗಲ್ ಗಡಿಯಾರ ಸ್ಪೇನ್‌ಗಿಂತ ಒಂದು ಗಂಟೆ ಹಿಂದೆ. ಹೋಗುವಾಗ ಒಂದು ಗಂಟೆ ಸೇರಿಸಿ, ವಾಪಸ್ ಬರುವಾಗ ಒಂದು ಗಂಟೆ ಕಳೆಯಿರಿ. ಎರಡಕ್ಕೂ ಸುಮಾರು 1 ಗಂಟೆ 20 ನಿಮಿಷವೇ ಬರುತ್ತದೆ. ನಾನಂತೂ ವಾಪಸ್ ಟಿಕೆಟ್ ನೋಡಿ, ಇದೇನು ಎರಡು ಗಂಟೆ ಮೇಲೆ ತೋರಿಸ್ತಿದೆ, ಎಲ್ಲೋ ಸುತ್ತಿ ಬರುತ್ತೇನೋ ಅಂದುಕೊಂಡಿದ್ದೆ!

ಈ ಲೆಕ್ಕ ನೀವೇ ಹಾಕಬಹುದು. ನೇರ ದೂರ ಸುಮಾರು 500 ಕಿ.ಮೀ. ಗಂಟೆಗೆ 800 ಕಿ.ಮೀ. ಅಂತ ಹಿಡಿದರೆ 40 ನಿಮಿಷ ಕೂಡ ಆಗಲ್ಲ, ಅಲ್ವಾ? ಆದರೆ ವಿಮಾನ ಮೆಲ್ಲಗೆ ರನ್‌ವೇ ತನಕ ಹೋಗಿ, ಸಾಲಿನಲ್ಲಿ ಕಾದು, ಮೇಲೇರಿ, ವೇಗ ತಗ್ಗಿಸಿ ಇಳಿಯುವುದಕ್ಕೆ ಇನ್ನೊಂದು 30-40 ನಿಮಿಷ ಸೇರಿಸಿ. ಯುರೋಪಿನ ಬೇರೆ ಊರುಗಳಿಗೂ ಇದೇ ಸೂತ್ರ ಹೆಚ್ಚುಕಡಿಮೆ ಸಾಕು.

ರಸ್ತೆಯಲ್ಲಿ 625 ಕಿ.ಮೀ. ಹತ್ತಿರ, ಕಾರಿಗೆ ಆರು ಗಂಟೆ. ಈ ಎರಡು ಊರುಗಳ ನಡುವೆ ಓಡುತ್ತಿದ್ದ ರಾತ್ರಿ ರೈಲು 2020ರಲ್ಲಿ ನಿಂತಿತು.

ಎರಡೂ ಷೆಂಗೆನ್ ದೇಶಗಳು, ಅಂದರೆ ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿಕೊಂಡ ಯುರೋಪಿನ ದೇಶಗಳ ಗುಂಪಿಗೆ ಸೇರಿದವು, ಸಾಮಾನ್ಯವಾಗಿ ಇಮಿಗ್ರೇಷನ್ ಸಾಲು ಇರುವುದಿಲ್ಲ. ಆದರೂ ಪಾಸ್‌ಪೋರ್ಟ್ ಮಾತ್ರ ಕೈಯಲ್ಲೇ ಇರಲಿ. ಲಿಸ್ಬನ್‌ನಲ್ಲಿ ಇಳಿದ ಮೇಲೆ ಟ್ಯಾಕ್ಸಿ ಹುಡುಕಬೇಡಿ, ಮೆಟ್ರೋದ ಕೆಂಪು ಲೈನ್ ವಿಮಾನ ನಿಲ್ದಾಣದಿಂದಲೇ ಹೊರಡುತ್ತದೆ.